ಮಕ್ತಾದಲ್ಲಿ ಉಳಿದ ಹೆಸರು: ಹೈದರಾಬಾದಿನ ‘ಕನ್ಹೈಯಾ’ ಮತ್ತು ಒಂದು ಕವ್ವಾಲಿ ಮನೆತನ

1. ಪ್ರಶ್ನೆ

‘ಕನ್ಹೈಯಾ’ ಎಂಬ ಹೆಸರಿನಲ್ಲಿ ಈಗ ಮನೆಮಾತಾಗಿರುವ ಕವ್ವಾಲಿಯನ್ನು ಬರೆದವರು ಯಾರು, ಅದು ಯಾವ ಊರಿನದು ಎಂಬ ಎರಡು ಪ್ರಶ್ನೆಗಳನ್ನು ಈ ಟಿಪ್ಪಣಿ ಎತ್ತಿಕೊಂಡಿದೆ. ಹಾಡನ್ನು ಇಂದಿನ ಕೇಳುಗರಿಗೆ ಮುಟ್ಟಿಸಿದವರು ಕರಾಚಿಯ ಫರೀದ್ ಅಯಾಜ್ ಮತ್ತು ಅಬು ಮುಹಮ್ಮದ್ ಸಹೋದರರು. ಅವರಿಂದ ಕಲಿತು ಗಿಟಾರಿನೊಡನೆ ಹಾಡಿದವರಿದ್ದಾರೆ, ಒಂದು ತಂಬೂರಿಯ ಶ್ರುತಿಗಷ್ಟೇ ಹಾಡಿದವರಿದ್ದಾರೆ. ಹೀಗೆ ಬಾಯಿಂದ ಬಾಯಿಗೆ ದಾಟುತ್ತ ಹಾಡಿನ ಮೇಲೆ ತಪ್ಪು ವಿಳಾಸಗಳು ಅಂಟಿಕೊಂಡಿವೆ. ಕರಾಚಿಯವರು ಹಾಡಿದ್ದರಿಂದ ಕರಾಚಿಯದು ಎಂದುಕೊಂಡವರು ಕೆಲವರು. ಹಿಂದ್ವಿಯಲ್ಲಿ, ಅಂದರೆ ಉತ್ತರದ ಹಳೆಯ ಆಡುನುಡಿಯಲ್ಲಿ, ಇರುವ ಕವ್ವಾಲಿ ಎಂದ ಮೇಲೆ ದಿಲ್ಲಿಯ ಕವಿ ಅಮೀರ್ ಖುಸ್ರೋನದೇ ಇರಬೇಕು ಎಂದುಕೊಂಡವರು ಇನ್ನು ಕೆಲವರು. ಅದೂ ಇದೂ ಬೇಡವೆಂದು ‘ಸಾಂಪ್ರದಾಯಿಕ’ ಎಂದು ಬರೆದು ಕೈತೊಳೆದುಕೊಂಡವರು ಹಲವರು.

ಹಾಡು ಹೈದರಾಬಾದಿನದು. ಬರೆದವರು ಅಲ್ಲಿನ ಶ್ರೀಮಂತ ಮನೆತನದ ನವಾಬ್ ಸಾದಿಕ್ ಜಂಗ್ ಬಹಾದುರ್. ಅವರ ಕಾವ್ಯನಾಮ ‘ಹಿಲ್ಮ್’. ಇದನ್ನು ಹೇಳಲು ಹೊರಗಿನ ಸಾಕ್ಷಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಹಾಡಿನ ಕೊನೆಯ ದ್ವಿಪದಿಯೇ ಹೇಳುತ್ತದೆ. ಕೊನೆಯ ಸಾಲಿನವರೆಗೂ ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಅದು ಕೇಳಿಸುತ್ತದೆ ಎಂಬುದೇ ತೊಡಕು.

2. ಪಠ್ಯದ ಒಳಗೆ

ಪಠ್ಯ ಬಹಳ ಚಿಕ್ಕದು. ಅದನ್ನು ಹತ್ತಿರದಿಂದ ನೋಡಿದರೆ ಬರೆದವರ ಕೈ ಎಷ್ಟು ಪಳಗಿತ್ತೆಂದು ತಿಳಿಯುತ್ತದೆ. ಮಥುರೆಗೆ ಹೋಗಿ ದೊರೆಯಾದವನನ್ನು ಹಳ್ಳಿಯಲ್ಲಿ ಉಳಿದ ಹೆಣ್ಣೊಬ್ಬಳು ಕೇಳುತ್ತಿದ್ದಾಳೆ: ನಮ್ಮ ನೆನಪು ಚೂರಾದರೂ ಉಂಟೇ? ‘ಚೂರಾದರೂ’ ಎಂಬ ಆ ಒಂದು ಮಾತಿನಲ್ಲಿ ದೂರು, ಮುನಿಸು, ಸಲಿಗೆ ಮೂರೂ ಇವೆ. ದೇವರನ್ನು ಬೇಡುವವರ ದನಿ ಇದಲ್ಲ. ಮನೆ ಮರೆತ ಗಂಡನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದವಳ ದನಿ. ಮರೆತವನನ್ನು ಬೈದೂ ಅವಳು ತೃಪ್ತಳಾಗುವುದಿಲ್ಲ. ಅವನ ಮರೆವಿಗೇ ತನ್ನನ್ನು ನಿವಾಳಿಸಿಕೊಡುತ್ತಾಳೆ. ನಿಂದಾಸ್ತುತಿಯ ಈ ವರಸೆ ದಾಸರ ಪದಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಹೊಸದಲ್ಲ.

ಮುಂದಿನ ದ್ವಿಪದಿಗಳಲ್ಲಿ ಅವಳು ಪಟ್ಟ ಪಾಡಿನ ಪಟ್ಟಿ ಬರುತ್ತದೆ. ಅವನ ಕ್ಷಣಕ್ಷಣದ ಸುದ್ದಿಗಾಗಿ ಬ್ರಾಹ್ಮಣನನ್ನು ಅಂಗಲಾಚಿ ಕೇಳಿದ್ದಾಳೆ. ಮಹಾದೇವನ ಗುಡಿಗೆ ಹೋಗಿ ಕಾಲಿಗೆ ಬಿದ್ದಿದ್ದಾಳೆ. ಅದೂ ಫಲಿಸದಿದ್ದಾಗ ಮಾಟ ಮಾಡಿಸಿ ಸೋತಿದ್ದಾಳೆ. ಶಾಸ್ತ್ರ, ಭಕ್ತಿ, ಮಾಟ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಈ ಕ್ರಮ ಆಕಸ್ಮಿಕವಲ್ಲ. ಹತಾಶೆ ಏರಿದಂತೆ ಅವಳು ಹಿಡಿಯುವ ದಾರಿ ಇಳಿಯುತ್ತ ಹೋಗುತ್ತದೆ. ಆಮೇಲೆ ಸಿಟ್ಟು ಒಡೆಯುತ್ತದೆ. ಈ ಮದುವೆಗೆ ಮಣ್ಣು ಬೀಳಲಿ, ಕನ್ಯೆಯಾಗಿಯೇ ಇದ್ದಿದ್ದರೆ ಚೆನ್ನಿತ್ತು ಎಂದು ನೆರೆದ ಮಂದಿಯನ್ನು ಸಾಕ್ಷಿಯಾಗಿ ಕರೆದು ಶಪಿಸುತ್ತಾಳೆ. ಕೊನೆಗೆ ತವರಿನ ನೆನಪು ಬರುತ್ತದೆ: ಅಲ್ಲಿ ಸುಖವಾಗಿದ್ದೆ, ಹೀಗೆ ದಿಕ್ಕುದಿಕ್ಕಿಗೆ ಅಲೆಯುವ ಗತಿ ಏಕೆ ಬಂತು?

ಶಬ್ದಗಳನ್ನೂ ಗಮನಿಸಬೇಕು. ಬಿನತಿ, ಬಮನಾ, ಟೋನಾ, ಮೈಕಾ ಎಂಬ ನಾಲ್ಕರಲ್ಲಿ ಒಂದೂ ಪಾರಸಿಯದಲ್ಲ. ಬಿನತಿ ನಮ್ಮ ವಿನಂತಿಯ ಹತ್ತಿರದ ನೆಂಟ. ಬಮನಾ ಎಂದರೆ ಬ್ರಾಹ್ಮಣ. ಟೋನಾ ಎಂಬುದು ಕಲಬುರಗಿ ಸೀಮೆಯವರು ಬಾನಾಮತಿ ಎನ್ನುವ ಬಗೆಯದು. ಮೈಕಾ ಎಂದರೆ ತವರು. ಹೈದರಾಬಾದಿನ ಬೀದಿಯಲ್ಲಿ ಆಡುವ ದಖನಿಯೂ ಇದಲ್ಲ, ಅಲ್ಲಿನ ದರ್ಬಾರಿನ ಉರ್ದುವೂ ಅಲ್ಲ. ಇದು ಗಂಗೆ ಯಮುನೆಗಳ ಬಯಲಿನ ಪೂರಬಿ, ಬ್ರಜಗಳ ಬೆರಕೆ. ದಖ್ಖನಿನ ನವಾಬನೊಬ್ಬ ತನ್ನೂರಿನ ಮಾತನ್ನು ಬಿಟ್ಟು ಇದನ್ನು ಏಕೆ ಎತ್ತಿಕೊಂಡ? ಕವ್ವಾಲರ ಭಂಡಾರದಲ್ಲಿ ಒಂದೊಂದು ಭಾಷೆಗೆ ಒಂದೊಂದು ಕೆಲಸ ಗೊತ್ತಾಗಿದೆ. ತತ್ವವನ್ನು ಹೇಳಲು ಪಾರಸಿ ಬೇಕು, ಗಜಲಿನ ಚಮತ್ಕಾರಕ್ಕೆ ಉರ್ದು ಬೇಕು, ವಿರಹಿಣಿಯ ಬಾಯಿಗೆ ಪೂರಬಿಯೇ ಬೇಕು. ಹಾಡುವವರು ಯಾರೆಂದು ಮನಸ್ಸಿನಲ್ಲಿಟ್ಟುಕೊಂಡೇ ನವಾಬರು ಬರೆದಿದ್ದಾರೆ ಎಂಬುದಕ್ಕೆ ಭಾಷೆಯ ಈ ಆಯ್ಕೆಯೇ ನನಗೆ ಕಾಣುವ ಮುಖ್ಯ ಆಧಾರ.

3. ಅಂಕಿತ ಮತ್ತು ತಖಲ್ಲುಸ್

ಗಜಲಿನ ಮೊದಲ ದ್ವಿಪದಿಗೆ ಮತ್ಲಾ ಎಂದೂ ಕವಿಯ ಹೆಸರನ್ನು ಹೊತ್ತ ಕೊನೆಯ ದ್ವಿಪದಿಗೆ ಮಕ್ತಾ ಎಂದೂ ಹೆಸರು. ಕವಿ ಅಲ್ಲಿ ಇಟ್ಟುಕೊಳ್ಳುವ ಹೆಸರು ತಖಲ್ಲುಸ್. ಕನ್ನಡದಲ್ಲಿ ಇದನ್ನು ‘ಅಂಕಿತ’ ಎಂದು ಹೇಳಿ ಮುಗಿಸುವುದು ರೂಢಿ. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಎರಡರ ನಡುವಿನ ವ್ಯತ್ಯಾಸವೇ ಇಲ್ಲಿ ನಮಗೆ ಬೇಕಾದದ್ದು.

ವಚನಕಾರರ, ದಾಸರ, ತತ್ವಪದಕಾರರ ಅಂಕಿತ ಸಾಮಾನ್ಯವಾಗಿ ದೇವರದೋ ಗುರುವಿನದೋ ಹೆಸರು. ಬಸವಣ್ಣನ ಮುದ್ರಿಕೆಯಲ್ಲಿ ಬಸವಣ್ಣನಿಲ್ಲ, ಕೂಡಲಸಂಗಮನಿದ್ದಾನೆ. ಶಿಶುನಾಳ ಶರೀಫರ ಪದದಲ್ಲಿ ನಿಲ್ಲುವುದು ಶಿಶುನಾಳಧೀಶ. ಕವಿ ಮರೆಗೆ ಸರಿದು ಇಷ್ಟದೈವವನ್ನು ಮುಂದೆ ಮಾಡುತ್ತಾನೆ. ತಖಲ್ಲುಸ್ ಇದಕ್ಕೆ ತಿರುಗುಮುರುಗು. ಅಲ್ಲಿ ಕವಿ ತನ್ನದೇ ಹೆಸರು ಹಿಡಿದು ಎದುರಿಗೆ ಬಂದು ನಿಲ್ಲುತ್ತಾನೆ. ಹಾಗಾದರೆ ಹೆಸರು ಹೆಚ್ಚು ಕಾಲ ಉಳಿಯಬೇಕಾದದ್ದು ಎಲ್ಲಿ? ತಖಲ್ಲುಸಿನಲ್ಲಿ ಎಂದು ಯಾರಾದರೂ ಹೇಳಿಯಾರು. ಈ ಹಾಡಿನಲ್ಲಿ ಆಗಿರುವುದು ಅದರ ಉಲ್ಟಾ.

ಕಾರಣ ಸರಳವಾಗಿದೆ. ‘ಹಿಲ್ಮ್’ ಎಂಬುದು ಅರಬ್ಬಿಯಿಂದ ಬಂದ ನಾಮಪದ. ತಾಳ್ಮೆ, ಸೌಮ್ಯ ಸ್ವಭಾವ ಎಂದು ಅರ್ಥ. ಮಕ್ತಾದಲ್ಲಿ ಅದು ತವರಿನ ಸುಖವನ್ನು ನೆನೆಯುವ ಹೆಣ್ಣಿನ ಮಾತಿನ ನಡುವೆ ಒಂದೇ ಒಂದು ಉಚ್ಚಾರವಾಗಿ ಬಂದು ಹೋಗುತ್ತದೆ. ಹಾಡುತ್ತಿರುವವಳು ಹೆಣ್ಣು, ಹೆಸರು ಗಂಡಿನದು. ಹಾರ್ಮೋನಿಯಂ, ಢೋಲಕ್, ಚಪ್ಪಾಳೆಗಳ ಗದ್ದಲದಲ್ಲಿ ‘ಹಿಲ್ಮ್’ ಎಂಬುದು ‘ಹಮ್’ ಎಂದು ಕೇಳಿಸಿದರೂ, ಅಂದರೆ ‘ನಾವು’ ಎಂದಾದರೂ, ವಾಕ್ಯ ಕೆಡುವುದಿಲ್ಲ. ಪೂರಬಿ ಸೀಮೆಯಲ್ಲಿ ‘ನಾನು’ ಎನ್ನುವ ಕಡೆ ‘ಹಮ್’ ಎನ್ನುವುದು ವಾಡಿಕೆಯೇ. ಒಂದೇ ಒಂದು ಲಕಾರ ನುಂಗಿಹೋದರೆ ಸಾಕು, ಕವಿ ಪಾತ್ರದೊಳಗೆ ಕರಗಿ ಕಾಣೆಯಾಗುತ್ತಾನೆ. ಕೂಡಲಸಂಗಮದೇವ ಎಂಬ ಮುದ್ರಿಕೆ ಇಷ್ಟು ಸುಲಭವಾಗಿ ಕರಗುವಂಥದಲ್ಲ. ದೇವರನ್ನು ಮುಂದಿಟ್ಟುಕೊಂಡ ನಮ್ಮ ಕವಿಗಳ ಹೆಸರು ಉಳಿಯಿತು, ತನ್ನ ಹೆಸರನ್ನೇ ಇಟ್ಟ ನವಾಬನದು ಅಳಿಸಿಹೋಗುವ ಹಾದಿಯಲ್ಲಿದೆ.

4. ನವಾಬನ ಬಾಯಲ್ಲಿ ಕೃಷ್ಣ

ಮುಸಲ್ಮಾನ ನವಾಬನೊಬ್ಬ ಗೋಪಿಯಾಗಿ ಹಾಡಿದ್ದು ಇಂದಿನ ಕೇಳುಗರಿಗೆ ಸೋಜಿಗವೆನಿಸಬಹುದು. ದಖ್ಖನಿನ ಚರಿತ್ರೆ ತಿಳಿದವರಿಗೆ ಅನಿಸಬೇಕಾಗಿಲ್ಲ. ಕಲಬುರಗಿಯ ಖ್ವಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಅವರು ಚಿಶ್ತಿ ಪಂಥದವರು. ಸಂಗೀತ ಕೇಳುವುದನ್ನು ಸಾಧನೆಯ ಮಾರ್ಗವೆಂದು ಒಪ್ಪಿದ ಪಂಥ ಅದು. ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ಚಕ್ಕೀನಾಮಾ ದಖನಿಯ ಬೀಸುವ ಪದ. ಕಲ್ಲು ತಿರುಗಿಸುವ ಹೆಂಗಸರ ಬಾಯಲ್ಲಿ ಅಧ್ಯಾತ್ಮವನ್ನು ಇಟ್ಟ ರಚನೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಕ್ರಿ.ಶ. 1600ರ ಆಸುಪಾಸಿನಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿ, ಗಣಪತಿಯರ ಸ್ತುತಿಗಳಿವೆ. ಕಡಕೋಳ ಮಡಿವಾಳಪ್ಪನವರ ಶಿಷ್ಯರ ಸಾಲಿನಲ್ಲಿ ಚೆನ್ನೂರ ಜಲಾಲಸಾಹೇಬರು ಇದ್ದಾರೆ. ಇವೆಲ್ಲ ಮುಂದೆ ನಿಜಾಮರ ಆಳ್ವಿಕೆಗೆ ಒಳಪಟ್ಟ ನೆಲದಲ್ಲೋ ಅದರ ಅಂಚಿನಲ್ಲೋ ನಡೆದ ಸಂಗತಿಗಳು.

ಹೈದರಾಬಾದ್ ನಗರದ ಒಳಗೇ ಇದಕ್ಕೆ ಎದುರುಗನ್ನಡಿಯಂಥ ಉದಾಹರಣೆಯೊಂದಿದೆ. ಮಹಾರಾಜಾ ಕಿಶನ್ ಪ್ರಸಾದರು (1864–1940) ಎರಡು ಸಲ ನಿಜಾಮ ಸಂಸ್ಥಾನದ ಪ್ರಧಾನಿಯಾಗಿದ್ದವರು. ಹಿಂದೂ ಮನೆತನದ ಇವರು ‘ಶಾದ್’ ಎಂಬ ತಖಲ್ಲುಸ್ ಇಟ್ಟುಕೊಂಡು ಉರ್ದುವಿನಲ್ಲಿ ಬರೆದರು; ಪ್ರವಾದಿಯನ್ನು ಕೊಂಡಾಡುವ ನಾತ್‌ಗಳನ್ನೂ ರಚಿಸಿದರು. ಹಿಂದೂ ಪ್ರಧಾನಿ ನಾತ್ ಬರೆದ ಊರಿನಲ್ಲಿ ಮುಸಲ್ಮಾನ ನವಾಬ ಗೋಪಿಯ ದೂರು ಬರೆದ. ಇದನ್ನು ‘ಸೌಹಾರ್ದದ ಸಂದೇಶ’ ಎಂದು ಈಗ ಭಾಷಣಗಳಲ್ಲಿ ಎತ್ತಿ ಆಡುತ್ತಾರೆ. ಬರೆದವರಿಗೆ ಅದು ಸಂದೇಶವಾಗಿರಲಿಲ್ಲ, ಅಭ್ಯಾಸವಾಗಿತ್ತು. ಸೂಫಿಗಳ ಲೆಕ್ಕದಲ್ಲಿ ಜೀವ ಹೆಣ್ಣು, ಪರಮಾತ್ಮ ಗಂಡ, ಲೋಕ ಅತ್ತೆಮನೆ, ಬಿಟ್ಟು ಬಂದ ತಾಣ ತವರು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

5. ಹಾಡಿದ ಮನೆತನ

ಈ ಹಾಡನ್ನು ಕಾಪಾಡಿಕೊಂಡು ಬಂದವರು ‘ಕವ್ವಾಲ್ ಬಚ್ಚೋಂ ಕಾ ಘರಾನಾ’ ಎಂದು ಹೆಸರಾದ ದಿಲ್ಲಿಯ ಮನೆತನದವರು. ಅಮೀರ್ ಖುಸ್ರೋ (1253–1325) ತಯಾರು ಮಾಡಿದ ಹುಡುಗರ ತಂಡದಿಂದ ತಮ್ಮ ಪರಂಪರೆ ಇಳಿದು ಬಂದಿದೆ ಎಂಬುದು ಅವರ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆತನದ ಅತಿ ದೊಡ್ಡ ಹೆಸರು ತಾನರಸ್ ಖಾನ್. ಕೊನೆಯ ಮೊಗಲ್ ಬಾದಶಹ ಬಹಾದುರ್ ಶಾಹ ಜಫರನ ಆಸ್ಥಾನದ ಗಾಯಕ. 1857ರ ದಂಗೆಯ ನಂತರ ದಿಲ್ಲಿಯ ದರ್ಬಾರೇ ಇಲ್ಲವಾಯಿತು. ತಾನರಸ್ ಖಾನ್ ಆಶ್ರಯ ಹುಡುಕುತ್ತ ಹೊರಟವರು ಕೊನೆಗೆ ತಲುಪಿದ್ದು ಹೈದರಾಬಾದು. ಕೊನೆಯುಸಿರೆಳೆದದ್ದೂ ಅಲ್ಲೇ. ಕವಿ ದಾಗ್ ದೆಹಲವಿಯೂ ಇದೇ ಜಾಡಿನಲ್ಲಿ ಬಂದು 1905ರಲ್ಲಿ ಅಲ್ಲೇ ತೀರಿಕೊಂಡರು. ದಿಲ್ಲಿಯ ಹಾಡುಗಬ್ಬ ದಖ್ಖನಿಗೆ ಗುಳೆ ಬಂದದ್ದು ಹೀಗೆ. ದಖ್ಖನಿನ ನವಾಬ ಗಂಗಾ ಬಯಲಿನ ಮಾತಿನಲ್ಲಿ ಹಾಡು ಕಟ್ಟಿದ್ದಕ್ಕೆ ಈ ಗುಳೆಯೇ ಹಿನ್ನೆಲೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಾಲಿನ ಮುಖ್ಯ ಕೊಂಡಿ ಮುನ್ಷಿ ರಜೀಉದ್ದೀನ್ (1912–2003). ಹೈದರಾಬಾದಿನ ನಿಜಾಮರ ಆಸ್ಥಾನದಲ್ಲಿ ಹಾಡಿದವರು ಅವರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಮುಗಿಯಿತು, ಅದರ ಜೊತೆಗೆ ಕವ್ವಾಲರ ವರಮಾನವೂ. ಆ ಕೂಡಲೇ ಇಡೀ ಕುಟುಂಬ ಗಡಿ ದಾಟಿತು ಎಂಬಂತೆ ಹೇಳುವುದುಂಟು. ಆದರೆ ರಜೀಉದ್ದೀನರ ಮಗ ಫರೀದ್ ಅಯಾಜ್ ಹುಟ್ಟಿದ್ದು 1952ರಲ್ಲಿ, ಹೈದರಾಬಾದಿನಲ್ಲಿ. ಮನೆಯವರು ಕರಾಚಿಗೆ ಹೋದದ್ದು 1956ರಲ್ಲಿ. ಅಂದರೆ ಆಸ್ಥಾನ ಅಳಿದ ಮೇಲೂ ಎಂಟು ವರ್ಷ ಈ ಮನೆಯ ಬೇರು ಹೈದರಾಬಾದಿನಲ್ಲೇ ಇತ್ತು. ಅದೇ 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮವರಿಗೆ ಏಕೀಕರಣದ ಸಂಭ್ರಮದ ವರ್ಷ, ಆ ಮನೆಗೆ ಊರು ಬಿಟ್ಟ ವರ್ಷ.

ಎಲ್ಲ ಕವ್ವಾಲರೂ ಹೋಗಲಿಲ್ಲ. ಜಫರನ ಆಸ್ಥಾನದಿಂದಲೇ ದಖ್ಖನಿಗೆ ಬಂದ ಇನ್ನೊಂದು ಮನೆತನದ ಅಜೀಜ್ ಅಹ್ಮದ್ ಖಾನ್ ವಾರಸಿ ಹೈದರಾಬಾದಿನಲ್ಲೇ ಉಳಿದರು. ಅರುವತ್ತರ ದಶಕದಲ್ಲಿ ಅವರ ತಂಡ ಉರುಸುಗಳಲ್ಲಿ, ಮೆಹಫಿಲು ಎನ್ನುವ ಆಪ್ತ ಕೂಟಗಳಲ್ಲಿ ಹೆಸರು ಮಾಡಿತು. 1971ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಮೊಮ್ಮಕ್ಕಳಾದ ನಜೀರ್ ಮತ್ತು ನಸೀರ್ ಅಹ್ಮದ್ ಖಾನ್ ವಾರಸಿ, ಅಂದರೆ ಈಗಿನ ‘ವಾರಸಿ ಬ್ರದರ್ಸ್’, 2014ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದಿದ್ದಾರೆ. ಒಂದೇ ನಗರದ ಒಂದೇ ಕಲೆ ಹೀಗೆ ಕವಲೊಡೆಯಿತು. ಒಂದು ಕವಲು ಮೂಸಿ ನದಿಯ ದಡದಲ್ಲಿ, ಇನ್ನೊಂದು ಗಡಿಯಾಚೆ ಅರಬ್ಬಿ ಸಮುದ್ರದ ದಂಡೆಯಲ್ಲಿ.

6. ಅರುವತ್ತರ ದಶಕ: ತಂಡ, ತಟ್ಟೆ, ಮೆಹಫಿಲು

ಕರಾಚಿಗೆ ಹೋದ ರಜೀಉದ್ದೀನರು ತಮ್ಮ ದಾಯಾದಿ ಸಹೋದರ ಮಂಜೂರ್ ಅಹ್ಮದ್ ನಿಯಾಜಿ ಮತ್ತಿತರರ ಜೊತೆ ಸೇರಿ ಹಾಡಿದರು. ಹೈದರಾಬಾದ್ ದಖ್ಖನಿನಲ್ಲಿ ಹುಟ್ಟಿದ ಬಹಾಉದ್ದೀನ್ ಖಾನರೂ ಈ ಬಳಗದವರೇ. ಅರುವತ್ತರ ದಶಕದಲ್ಲಿ ಈ ಕೂಟ ಕವಲಾಗಿ ಒಬ್ಬೊಬ್ಬರದೂ ಬೇರೆ ಬೇರೆ ತಂಡವಾಯಿತು. ಕವ್ವಾಲಿಯಲ್ಲಿ ಇದು ಜಗಳವೇ ಆಗಬೇಕೆಂದಿಲ್ಲ. ಮಕ್ಕಳು ಬೆಳೆದು ದನಿ ಕೂಡಿಸುವಂತಾದಾಗ ಅಣ್ಣತಮ್ಮಂದಿರ ತಂಡ ಒಡೆದು ಅಪ್ಪಮಕ್ಕಳ ತಂಡವಾಗುತ್ತದೆ, ಅವಿಭಕ್ತ ಕುಟುಂಬದ ಹೊಲ ಹಂಚಿಕೆಯಾದ ಹಾಗೆ. ಹೊಲ ಹಂಚಿದರೂ ಬಾವಿ ಒಂದೇ; ಹಾಡುಗಳ ಭಂಡಾರ ಎಲ್ಲರಿಗೂ ಸೇರಿದ್ದು.

ಅದೇ ಕಾಲಕ್ಕೆ ಭೂಮಿಯ ಇನ್ನೊಂದು ಬದಿಯಲ್ಲಿ ನಡೆಯುತ್ತಿದ್ದುದನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಅಮೆರಿಕದ ಕರಿಯರ ಚರ್ಚುಗಳಲ್ಲಿ ಸಾಮೂಹಿಕವಾಗಿ ಹಾಡುವ ಗಾಸ್ಪೆಲ್ ರೀತಿ ಪೇಟೆಗೆ ಇಳಿದು ‘ಸೋಲ್’ ಸಂಗೀತವಾಯಿತು. ಮುಂದೆ ಒಬ್ಬರು ಕರೆಯುವುದು, ಹಿಂದಿನವರು ಓಗೊಡುವುದು, ಚಪ್ಪಾಳೆ, ಪುನರುಕ್ತಿ, ಕೇಳುಗರನ್ನು ಮೈಮರೆಸುವ ಹಂಬಲ ಇವೆಲ್ಲ ಕವ್ವಾಲಿಯ ಲಕ್ಷಣಗಳೂ ಹೌದು. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಮೂವರು ಹೆಣ್ಣುಮಕ್ಕಳ ತಂಡ ‘ದಿ ಸುಪ್ರೀಮ್ಸ್’ 1966ರಲ್ಲಿ ‘ಯೂ ಕೀಪ್ ಮಿ ಹ್ಯಾಂಗಿನ್ ಆನ್’ ಹಾಡಿತು. ಅದೂ ಪ್ರೀತಿಸದೆಯೂ ಕೈಬಿಡದ ನಲ್ಲನ ಮೇಲಿನ ಹೆಣ್ಣಿನ ದೂರೇ. ಮರುವರ್ಷ ‘ವೆನಿಲ್ಲಾ ಫಜ್’ ಎಂಬ ರಾಕ್ ತಂಡ ಅದನ್ನು ನಿಧಾನಗತಿಗೆ ತಂದು ಏಳು ನಿಮಿಷ ದಾಟಿಸಿತು. 1986ರಲ್ಲಿ ಇಂಗ್ಲೆಂಡಿನ ಕಿಮ್ ವೈಲ್ಡ್ ಅದನ್ನು ಮತ್ತೆ ಹಾಡಿ ಮುಂದಿನ ವರ್ಷ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದರು. ಇಷ್ಟು ಕೈ ಬದಲಾದರೂ ಬರೆದ ಮೂವರ ಹೆಸರು, ಹಾಲೆಂಡ್ ಸಹೋದರರು ಮತ್ತು ಡೋಜಿಯರ್, ಪ್ರತಿ ಗ್ರಾಮಫೋನ್ ತಟ್ಟೆಯ ಚೀಟಿಯ ಮೇಲೂ ಇತ್ತು. ಹಾಡಿನ ಒಳಗೆ ಅವರ ಹೆಸರಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, ಹೊರಗಿನ ಚೀಟಿಯೇ ಕಾವಲು.

ಕವ್ವಾಲಿಯ ಏರ್ಪಾಡು ಬೇರೆ. ಮೆಹಫಿಲಿನಲ್ಲಿ ತಟ್ಟೆಯ ಚೀಟಿ ಇರಲಿಲ್ಲ. ಹೆಸರನ್ನು ಹಾಡಿನ ಒಳಗೇ ಕಟ್ಟಿಡಲಾಗಿತ್ತು. ಮೆಹಫಿಲಿನಲ್ಲಿ ಕುಳಿತವರು ಮಕ್ತಾಕ್ಕಾಗಿ ಕಾಯುತ್ತಿದ್ದರು. ಹೆಸರು ಬಂದ ಕೂಡಲೇ ತಲೆದೂಗುತ್ತಿದ್ದರು. ರಜೀಉದ್ದೀನರ ಮನೆಯವರು ಹೆಚ್ಚಾಗಿ ಈ ಮೆಹಫಿಲಿನ ಲೋಕದವರು. ಅವರ ಸಮಕಾಲೀನರಾದ ಸಾಬರಿ ಸಹೋದರರು ತಟ್ಟೆಗಳಿಂದ ಹೆಸರಾಗಿ 1975ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಹಾಡಿಬಂದರು. ‘ಕನ್ಹೈಯಾ’ದಂಥ ನಿಧಾನದ ಹಾಡಿಗೆ ತಟ್ಟೆಯ ಒಂದು ಮಗ್ಗುಲು ಸಾಲದು.

ಏಕೆ ಸಾಲದು ಎಂಬುದಕ್ಕೆ ಹಾಡುವ ಕ್ರಮವನ್ನು ನೋಡಬೇಕು. ಮುಂದಿನ ಸಾಲಿನ ಗಾಯಕ ಒಂದು ಸಾಲನ್ನು ಎತ್ತುತ್ತಾನೆ. ಹಿಂದಿನ ಹಮ್‌ನವಾಗಳು, ಅಂದರೆ ಸಹಗಾಯಕರು, ಅದನ್ನೇ ಹಿಡಿದು ಚಪ್ಪಾಳೆಯೊಂದಿಗೆ ಮರಳಿಸುತ್ತಾರೆ. ಇದು ತಕರಾರ್, ಅಂದರೆ ಪುನರಾವೃತ್ತಿ. ನಾವು ಕನ್ನಡದಲ್ಲಿ ಆಡುವ ‘ತಕರಾರು’ ಇದೇ ಶಬ್ದದ ಬೇರೆ ಅರ್ಥ. ನಡುವೆ ಗಾಯಕ ಥಟ್ಟನೆ ನಿಲ್ಲಿಸಿ ಬೇರೊಬ್ಬ ಕವಿಯ ದೋಹೆಯನ್ನೋ ಪಾರಸಿ ಶೇರನ್ನೋ ತಂದು ಮೂಲ ಸಾಲಿಗೆ ಬಿಗಿಯುತ್ತಾನೆ. ಇದಕ್ಕೆ ಗಿರಹ್ ಎನ್ನುತ್ತಾರೆ. ಗಂಟು ಎಂದು ಅರ್ಥ. ಬ್ರಾಹ್ಮಣನನ್ನು ಅಂಗಲಾಚಿದ ಸಾಲು ಬಂದಿತೆನ್ನಿ. ಕಾಯುವ ಹೆಣ್ಣಿನ ಇನ್ನೊಂದು ದೋಹೆ ಅಲ್ಲಿ ಬಂದು ಕೂರುತ್ತದೆ. ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸಿ ಹೇಳಿ, ಕೇಳುಗರು ಹೂಂಗುಟ್ಟಿದ ಮೇಲೆ ಗಂಟು ಬಿಚ್ಚಿದಂತೆ ಮತ್ತೆ ಪಲ್ಲವಿಗೆ ಜಾರುತ್ತಾರೆ. ಕೀರ್ತನಕಾರರು ಕಥೆ ನಿಲ್ಲಿಸಿ ಉಪಕಥೆಗೆ ಹೊರಳಿ ಮರಳುವ ರೀತಿಯೇ ಇದು. ಹೀಗೆ ಐದಾರು ದ್ವಿಪದಿಯ ಪಠ್ಯ ಅರ್ಧ ಗಂಟೆಯ ಹಾಡಾಗುತ್ತದೆ. ಬೇರೆ ಕವಿಗಳ ಸಾಲು ಇಷ್ಟೊಂದು ಸೇರಿದ ಮೇಲೆ ಮೂಲ ಯಾವುದು, ಗಂಟು ಯಾವುದು ಎಂದು ಹೊಸ ಕೇಳುಗನಿಗೆ ಹೊಳೆಯದಿದ್ದರೆ ಅವನನ್ನು ದೂರುವಂತಿಲ್ಲ.

7. ‘ಕವರ್’ ಎಂಬ ಮಾತು

ಬೇರೆಯವರ ಹಾಡನ್ನು ಹಾಡಿದರೆ ಅದಕ್ಕೆ ‘ಕವರ್’ ಎನ್ನುತ್ತೇವೆ. ಈ ಮಾತು ತಟ್ಟೆಯ ಕಾಲದ್ದು. ಮೊದಲು ಮುದ್ರಣವಾದದ್ದು ಮೂಲ, ಉಳಿದದ್ದು ನಕಲು ಎಂಬ ಎಣಿಕೆ ಅದರ ಬೆನ್ನಿಗಿದೆ. ಆ ಎಣಿಕೆಯನ್ನು ‘ಕನ್ಹೈಯಾ’ಕ್ಕೆ ಹಚ್ಚಿದರೆ ಕರಾಚಿಯ ಸಹೋದರರೇ ಮೂಲವಾಗಿಬಿಡುತ್ತಾರೆ. ಅವರು ಮೂಲವಲ್ಲ, ವಾರಸುದಾರರು. ಖುಸ್ರೋನ ಹೆಸರಿನಲ್ಲಿರುವ ‘ಛಾಪ್ ತಿಲಕ್’ ಇದಕ್ಕೆ ಒಳ್ಳೆಯ ಹೋಲಿಕೆ. 1978ರ ‘ಮೈ ತುಳಸೀ ತೇರೇ ಆಂಗನ್ ಕೀ’ ಚಿತ್ರದಲ್ಲಿ ಲತಾ ಮತ್ತು ಆಶಾ ಅದನ್ನು ಹಾಡಿದರು. 2014ರಲ್ಲಿ ಪಾಕಿಸ್ತಾನದ ಕೋಕ್ ಸ್ಟುಡಿಯೋದಲ್ಲಿ ಆಬಿದಾ ಪರ್ವೀನ್ ಮತ್ತು ರಾಹತ್ ಫತೇಹ್ ಅಲಿ ಖಾನ್ ಹಾಡಿದರು. ಎಷ್ಟು ಬಾಯಿ ಬದಲಾದರೂ ಖುಸ್ರೋನ ಹೆಸರು ಅಳಿಯಲಿಲ್ಲ, ಏಕೆಂದರೆ ಹಾಡಿಗಿಂತ ಹೆಸರೇ ದೊಡ್ಡದು. ಹಿಲ್ಮ್‌ಗೆ ಆ ಬಲವಿಲ್ಲ. ದೊಡ್ಡ ಹೆಸರು ಪರರ ಹಾಡನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ; ಚಿಕ್ಕ ಹೆಸರು ತನ್ನ ಹಾಡಿನ ಒಳಗೂ ನಿಲ್ಲಲಾರದೆ ಒದ್ದಾಡುತ್ತದೆ. ಸರ್ವಜ್ಞನ ತಲೆಗೆ ಕಟ್ಟಿದ ತ್ರಿಪದಿಗಳನ್ನು ಬಲ್ಲ ನಮಗೆ ಇದರ ಅನುಭವವಿದೆ.

ಫರೀದ್ ಅಯಾಜ್ ಮತ್ತು ಅಬು ಮುಹಮ್ಮದ್ ದೊಡ್ಡ ಸಭೆಗೆ ಬಂದದ್ದು ತಡವಾಗಿ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ ಶಬನಮ್ ವಿರ್ಮಾನಿ ನಡೆಸಿದ ಕಬೀರ್ ಯೋಜನೆಯ ಸಾಕ್ಷ್ಯಚಿತ್ರ ‘ಹದ್ ಅನಹದ್’ (2008) ಗಡಿಯಾಚೆಗೂ ಹೋಗಿ ಫರೀದ್ ಅಯಾಜರನ್ನು ಕಂಡು ಬಂತು. ಕನ್ನಡ ನಾಡಿನ ಹಲವು ಕೇಳುಗರಿಗೆ ಅವರ ಪರಿಚಯವಾದದ್ದು ಆ ದಾರಿಯಿಂದ. ಅವರ ‘ಕಂಗನಾ’ 2011ರಲ್ಲಿ ಕೋಕ್ ಸ್ಟುಡಿಯೋದಲ್ಲೂ 2012ರಲ್ಲಿ ಮೀರಾ ನಾಯರ್ ಅವರ ‘ದಿ ರಿಲಕ್ಟಂಟ್ ಫಂಡಮೆಂಟಲಿಸ್ಟ್’ ಚಿತ್ರದಲ್ಲೂ ಕೇಳಿತು. ಮೆಹಫಿಲಿನ ಉದ್ದವನ್ನು ತಟ್ಟೆ ತಡೆಯಲಾರದೆ ಹೋದರೂ ಅಂತರಜಾಲ ತಡೆಯಿತು. ಅರ್ಧ ಗಂಟೆಯ ಹಾಡು ಅರ್ಧ ಗಂಟೆಯಾಗಿಯೇ ಜನರನ್ನು ಮುಟ್ಟಿತು. ಅದೇ ಅಂತರಜಾಲದಲ್ಲಿ ಮೂರು ನಿಮಿಷದ, ಒಂದು ನಿಮಿಷದ ತುಣುಕುಗಳೂ ಹುಟ್ಟಿಕೊಂಡವು. ಹಾಡನ್ನು ಕತ್ತರಿಸುವಾಗ ಕತ್ತರಿ ಆಡುವುದು ತುದಿಯಲ್ಲಿ. ಪಲ್ಲವಿಯನ್ನು ಯಾರೂ ಬಿಡುವುದಿಲ್ಲ. ಮಕ್ತಾವನ್ನು ಬಿಟ್ಟರೆ ಯಾರಿಗೂ ಕೊರತೆ ಅನಿಸುವುದಿಲ್ಲ. ಅಲ್ಲಿಗೆ ನವಾಬರ ಕೊನೆಯ ಸಹಿಯೂ ಹೋಯಿತು.

8. ನಿರ್ಣಯ

ಮೇಲಿನ ವಿಚಾರದಿಂದ ಮೂರು ಮಾತು ಹೇಳಬಹುದು. ಒಂದು, ‘ಕನ್ಹೈಯಾ’ವನ್ನು ‘ಸಾಂಪ್ರದಾಯಿಕ’ ಎನ್ನುವುದಾಗಲಿ ಖುಸ್ರೋನದೆನ್ನುವುದಾಗಲಿ ಸರಿಯಲ್ಲ. ಹಾಡಿನಲ್ಲೇ ಕರ್ತೃವಿನ ತಖಲ್ಲುಸ್ ಇದೆ. ಎರಡು, ಅದು ಹೈದರಾಬಾದಿನಲ್ಲಿ ಹುಟ್ಟಿ, ಹೈದರಾಬಾದಿನಿಂದ ಹೋದ ಕವ್ವಾಲರ ಮನೆತನದಲ್ಲಿ ಬಾಳಿ, ಕರಾಚಿಯ ಮೂಲಕ ಲೋಕಕ್ಕೆ ಬಂದ ಹಾಡು. ಮೂರು, ಅದರ ಭಾಷೆ ಉತ್ತರದ್ದಾದರೂ ಅದರ ಧೈರ್ಯ ದಖ್ಖನಿನದು. ಬಂದೇ ನವಾಜರಿಂದ ಜಲಾಲಸಾಹೇಬರವರೆಗಿನ ಸಾಲಿನಲ್ಲಿ ಇಟ್ಟು ಓದಿದಾಗಲೇ ಅದರ ತೂಕ ತಿಳಿಯುತ್ತದೆ. ಆ ಸಾಲಿನ ಅರ್ಧ ಕರ್ನಾಟಕದ ನೆಲದಲ್ಲಿದೆ. ಹಾಗಾಗಿ ಈ ಹಾಡಿನ ಅಭ್ಯಾಸ ಉರ್ದು ವಿದ್ವಾಂಸರಿಗಷ್ಟೇ ಬಿಟ್ಟ ಕೆಲಸವಲ್ಲ, ಕಲಬುರಗಿ, ಬೀದರ ಸೀಮೆಯ ತತ್ವಪದಗಳ ಮೇಲೆ ಕೆಲಸ ಮಾಡುವ ಕನ್ನಡದ ಸಂಶೋಧಕರದೂ ಹೌದು.

ಹಾಡುವವರಲ್ಲಿ ಒಂದು ಬಿನ್ನಹ. ತತ್ವಪದ ಹಾಡುವ ನಮ್ಮ ಹಳ್ಳಿಯ ಭಜನೆಯವರು ಎಷ್ಟೇ ಹೊತ್ತಾದರೂ ಅಂಕಿತ ಬಿಟ್ಟು ಪದ ಮುಗಿಸುವುದಿಲ್ಲ. ಬಿಟ್ಟರೆ ಹಿರಿಯರು ಅಲ್ಲೇ ಗದರುತ್ತಾರೆ. ‘ಕನ್ಹೈಯಾ’ ಹಾಡುವಾಗ ನಡುವಿನ ಒಂದು ದ್ವಿಪದಿ ಬಿಟ್ಟರೂ ಪರವಾಗಿಲ್ಲ, ತವರಿನ ಸುಖವನ್ನು ನೆನೆಯುವ ಆ ಕೊನೆಯದನ್ನು ಬಿಡಬೇಡಿ. ಹಾಡುವಾಗ ‘ಹಿಲ್ಮ್’ ಎಂಬುದನ್ನು ಲಕಾರ ಕೇಳಿಸುವಂತೆ ಸ್ಪಷ್ಟವಾಗಿ ಅನ್ನಿ.